ದಿನ ಬಿಟ್ಟು ದಿನ ಸೋರುವ ನೀರು

ಅನಂತರಾಜು ಯಾರನ್ನೂ ಸುಮ್ಮನೆ ನಂಬುವ ಆಸಾಮಿಯಲ್ಲ. ಕೊಡಿಗೇಹಳ್ಳಿ ಗೇಟಿನ ಹತ್ತಿರ ಅವನದೊಂದು ಪೈಪು, ನಲ್ಲಿ, ಫಿಟಿಂಗ್ಸ್ ಅಂಗಡಿ. ಗಿರಾಕಿ ಬಂದು ಪೈಪಿನ ತಿರುವಿಗೆ ಹಾಕುವ ಒಂದೇ ಒಂದು ಎಲ್ಬೋ ಕೇಳಿದರೆ, ಉಳಿದದ್ದನ್ನೆಲ್ಲ ಇವನು ಯಾವ ಅಂಗಡಿಯಲ್ಲಿ ಕೊಂಡ ಎಂದು ಮನಸ್ಸಿನಲ್ಲೇ ವಿಚಾರಣೆ ಶುರುಮಾಡುತ್ತಾನೆ. ಹೆಂಡತಿ ಮುನಿರತ್ನಮ್ಮ ಸಾರಿಗೆ ಉಪ್ಪು ಮರೆತರೂ ಅದರ ಹಿಂದೆ ಯಾರದೋ ಕೈವಾಡ ಕಾಣುತ್ತದೆ ಅವನಿಗೆ. ಇಂಥವನ ಮನೆಯ ಗೋಡೆ ಕಾರಣವಿಲ್ಲದೆ ಒದ್ದೆಯಾದರೆ ಸುಮ್ಮನಿರುತ್ತಾನೆಯೇ?

ಅದೂ ಎಂಥ ಗೋಡೆ! ಬ್ಯಾಟರಾಯನಪುರದಲ್ಲಿ ಅವರಪ್ಪ ಮುನಿಕೃಷ್ಣಪ್ಪ ಬದುಕಿ ಬಾಳಿದ ಮನೆ ಪಾಲಾದಾಗ ನಡುವೆ ಗಡಿಯಾಗಿ ನಿಂತದ್ದು ಅದು. ಈ ಕಡೆಯ ಹಳೇ ಮನೆ ಮತ್ತು ಬೋರ್‌ವೆಲ್ಲು ಹಿರಿಯವನಾದ ಅನಂತರಾಜುವಿಗೆ. ಆ ಕಡೆಯ ಕೊಟ್ಟಿಗೆ, ಹಿತ್ತಲು, ಜೊತೆಗೆ ರಸ್ತೆಯ ಮುಖ ತಮ್ಮ ಬಾಲರಾಜುವಿಗೆ. ತಣಿಸಂದ್ರದ ಕಡೆ ಅಪಾರ್ಟ್‌ಮೆಂಟು ಕಟ್ಟುವ ಬಾಲರಾಜು ಕೊಟ್ಟಿಗೆ ಕೆಡವಿ ಮೂರಂತಸ್ತಿನ ಮನೆ ಎಬ್ಬಿಸಿದ. ಕೊಟ್ಟಿಗೆಯ ಹಿಂದಿನ ಕಲ್ಲುಗೋಡೆಯೊಂದನ್ನು ಮಾತ್ರ ಕೆಡವದೆ ಹಾಗೇ ಎತ್ತರಿಸಿದ, ಯಾಕೆಂದರೆ ಅದು ಇಬ್ಬರದೂ ಆಗಿತ್ತು. ಎತ್ತರಿಸುವಾಗ ಗೋಡೆ ಒಂದು ಗೇಣು ಈ ಕಡೆ ಬಂತು ಎಂದು ಅಣ್ಣ, ಇಲ್ಲ ಎಂದು ತಮ್ಮ. ಮಾತಿಗೆ ಮಾತು ಬೆಳೆದು ಕೊನೆಗೆ ಮಾತೇ ನಿಂತುಹೋಗಿ ವರ್ಷಗಳು ಕಳೆದಿದ್ದವು.

ಪಾಲಾಗದೆ ಉಳಿದವಳು ತಾಯಿ ಸುಬ್ಬಮ್ಮ. ಆಕೆಯನ್ನೂ ಸರದಿಗೆ ಹಾಕಿದ್ದರು: ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆವರೆಗೆ ದೊಡ್ಡವನ ಮನೆ, ಅಲ್ಲಿಂದ ಮುಂದೆ ಚಿಕ್ಕವನ ಮನೆ. ಸುಬ್ಬಮ್ಮ ತನ್ನ ಬಟ್ಟೆಯ ಗಂಟು ಹಿಡಿದು ಈ ಬಾಗಿಲಿಂದ ಆ ಬಾಗಿಲಿಗೆ ನಡೆಯುತ್ತಿದ್ದಳು. ಅಣ್ಣತಮ್ಮಂದಿರಿಗೆ ಪರಸ್ಪರ ಏನಾದರೂ ಹೇಳುವುದಿದ್ದರೆ ಆಕೆಯ ಮೂಲಕವೇ ಹೋಗಬೇಕು, ಬರಬೇಕು.

ಈ ಸಲ ದೊಡ್ಡವನ ಸರದಿ. ಅನಂತರಾಜು ಬೆಳಿಗ್ಗೆ ಎದ್ದು, ನಲ್ಲಿಯಲ್ಲಿ ಕಾವೇರಿ ನೀರು ಬಾರದ ದಿನವಾದರೆ ಬೋರ್‌ವೆಲ್ ಮೋಟಾರು ಹಾಕಿ, ಮುಖ ತೊಳೆದು, ಅಮ್ಮನ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕೂರುತ್ತಾನೆ. ಆಕೆ ಕಾಫಿ ಲೋಟ ಹಿಡಿದು ಹಳೇ ಸುದ್ದಿ ಹೇಳುತ್ತಾಳೆ. ದಿನವಿಡೀ ಅನುಮಾನದಲ್ಲೇ ಬದುಕುವ ಅವನು ಯಾವ ಅನುಮಾನವೂ ಇಲ್ಲದೆ ಕೂರುವುದು ಆ ಒಂದು ಹೊತ್ತು ಮಾತ್ರ. ಆ ಹೊತ್ತಿಗಾಗಿ ಅವನು ಒಂದು ತಿಂಗಳು ಕಾಯುತ್ತಾನೆ ಎಂಬುದನ್ನು ಯಾರಿಗೂ ಹೇಳಿಕೊಂಡವನಲ್ಲ.

ಹಾಗೆ ಕೂತಿದ್ದಾಗಲೇ ಒಂದು ಬೆಳಿಗ್ಗೆ ಮಂಚದ ಪಕ್ಕದ ಗೋಡೆಯ ಬುಡ ಕಪ್ಪಾಗಿದ್ದದ್ದು ಕಂಡಿತು. ಮುಟ್ಟಿದರೆ ತಣ್ಣಗೆ ಜಿನುಗು. ಸುಣ್ಣ ಉಬ್ಬಿ ಉದುರುತ್ತಿತ್ತು. ಕೆಲವೇ ದಿನಗಳಲ್ಲಿ ಕೋಣೆಯೆಲ್ಲ ಮುಗ್ಗಲು ವಾಸನೆ ಹಿಡಿದು ಸುಬ್ಬಮ್ಮನಿಗೆ ಗೂರಲು ಕೆಮ್ಮು ಎದ್ದಿತು. ಆ ಮನೆಯಲ್ಲಿ ಮಂಚ ಸರಿಸಲು ಬೇರೆ ಕೋಣೆಯಿರಲಿಲ್ಲ. ಆರ್.ಟಿ. ನಗರದ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಈ ತೇವದ ಗೋಡೆಯ ಪಕ್ಕ ಮಲಗಿಸಬೇಡಿ ಎಂದುಬಿಟ್ಟರು.

ಮಾತು ಗೋಡೆಯಾಚೆಗೂ ಮುಟ್ಟಿತು. ಬಾಲರಾಜುವಿನ ಹೆಂಡತಿ ಮೋನಿಕಾ ಬಾಗಿಲಲ್ಲಿ ನಿಂತು, "ಭಾವ, ಗೋಡೆ ಒಣಗೋವರ್ಗೂ ಅತ್ತೆ ನಮ್ಮನೇಲೇ ಇರ್ಲಿ ಅಂತ ಇವ್ರು ಹೇಳಿದ್ರು. ಮೇಲಿನ ರೂಮು ಬೆಚ್ಚಗಿದೆ" ಎಂದು ಹೇಳಿ ಹೋದಳು.

ಅನಂತರಾಜುವಿನ ತಲೆಯಲ್ಲಿ ಗಂಟೆ ಬಡಿದಂತಾಯಿತು. ಗೋಡೆ ಒಣಗೋವರೆಗೂ! ಗೋಡೆ ಒಣಗುವುದು ಯಾರ ಕೈಯಲ್ಲಿದೆ? ಒಮ್ಮೆ ಆ ಬೆಚ್ಚಗಿನ ಕೋಣೆ ಸೇರಿದ ಅಮ್ಮ ಮತ್ತೆ ಈ ಕಡೆ ಬರುತ್ತಾಳೆಯೇ? ಹಿರೀಮಗ ಹೆತ್ತವಳನ್ನು ಇಟ್ಟುಕೊಳ್ಳಲಾರದೆ ಹೋದ ಎಂದು ಊರವರು ಆಡಿಕೊಳ್ಳುವುದು ಒಂದು ಕಡೆ ಇರಲಿ, ಬೆಳಿಗ್ಗೆ ಎದ್ದು ಅವನು ಯಾರ ಮಂಚದ ತುದಿಯಲ್ಲಿ ಕೂರಬೇಕು? ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಹೆದರಿಕೆಯಾದಾಗಲೆಲ್ಲ ಅವನಿಗೆ ಸಿಟ್ಟು ಬರುತ್ತಿತ್ತು.

ನೀರಿನ ಮೂಲ ಎಲ್ಲಿದೆ ಎಂಬುದು ಗುಟ್ಟೇನಾಗಿರಲಿಲ್ಲ. ವಾಸ್ತು ನೋಡುವವರು ಹೇಳಿದರೆಂದು ಬಾಲರಾಜು ಯುಗಾದಿ ಕಳೆದ ಮೇಲೆ ತನ್ನ ಮನೆಯ ಹಾಲ್‌ನಲ್ಲಿ, ಅದೇ ಹಳೇ ಗೋಡೆಗೆ ಒತ್ತಿ, ಆಳೆತ್ತರದ ಅಕ್ವೇರಿಯಂ ಇರಿಸಿದ್ದ. ಅದರಲ್ಲಿ ಬೆಳ್ಳಿಬಣ್ಣದ ಒಂದು ಅರೋವಾನ ಮೀನು ಮೂತಿ ಬಿಗಿದುಕೊಂಡು ಅತ್ತಿಂದಿತ್ತ ತಿರುಗುತ್ತಿತ್ತು. ಬಟ್ಟೆ ಒಣಹಾಕುವಾಗ ತಾರಸಿಯ ಮೇಲೆ ಮೋನಿಕಾಳೇ ಮುನಿರತ್ನಮ್ಮನ ಹತ್ತಿರ ಗೋಳು ತೋಡಿಕೊಂಡಿದ್ದಳು.

"ಅದರ ಸಂಪು ಲೀಕು ಅಕ್ಕಾ. ಮೀನಂಗಡಿಯವ್ನು ಬಂದು ಅಂಟು ಮೆತ್ತಿ ಹೋದ, ಪ್ಲಂಬರ್ ಬಂದು ಟೇಪ್ ಸುತ್ತಿ ಹೋದ. ಏನೂ ಪ್ರಯೋಜನ ಇಲ್ಲ."

"ಸಂಪಾ? ಹಾಲಲ್ಲೇ ಸಂಪು ತೋಡ್ಸಿದೀರಾ?" ಎಂದು ಮುನಿರತ್ನಮ್ಮ ಬಾಯಿ ಬಿಟ್ಟಳು.

ಅದು ನೆಲದೊಳಗಿನ ಸಂಪಲ್ಲ. ಅಕ್ವೇರಿಯಂ ಕೆಳಗಿನ ಮರದ ಕಪಾಟಿನಲ್ಲಿ ಕೂರುವ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ತೊಟ್ಟಿಯಲ್ಲಿ ತುಂಬಿದ ನೀರು ಒಂದು ಪೈಪಿನಲ್ಲಿ ಅದಕ್ಕಿಳಿದು, ಸ್ಪಂಜು ಕಲ್ಲುಗಳ ನಡುವೆ ಸೋಸಿಕೊಂಡು ಬರುತ್ತದೆ. ಒಂದು ಪುಟ್ಟ ಪಂಪು ಅದನ್ನು ಇನ್ನೊಂದು ಪೈಪಿನಲ್ಲಿ ಮತ್ತೆ ಮೇಲಕ್ಕೆ ತಳ್ಳುತ್ತದೆ. ಹೀಗೆ ನೀರು ಹಗಲೂ ರಾತ್ರಿ ಇಳಿಯುತ್ತ ಏರುತ್ತ ಇರಬೇಕು.

ಹೆಂಡತಿ ಇದನ್ನೆಲ್ಲ ಹೇಳಿದಾಗ ಅನಂತರಾಜು ಕಣ್ಣು ಕಿರಿದು ಮಾಡಿದ. "ನೋಡು, ಫಿಟಿಂಗ್ ಕೆಟ್ಟಿದ್ರೆ ದಿನಾ ಸೋರ್ಬೇಕು. ನಾನು ಗೋಡೆ ಮುಟ್ಟಿ ನೋಡ್ತಾನೇ ಇದೀನಿ. ಒಂದಿನ ಹಸಿ ಹಸಿ ಜಿನುಗ್ತದೆ, ಮಾರ್ನೇ ದಿನ ಹೊಸ ನೀರಿಲ್ಲ, ಅದರ ಮಾರ್ನೇ ದಿನ ಮತ್ತೆ ಜಿನುಗು. ಸೋರೋ ನೀರು ರಜೆ ಹಾಕುತ್ತೇನೇ? ರಜೆ ಹಾಕೋದು ಮನುಷ್ಯ."

"ಅಯ್ಯೋ, ತನ್ನ ಮನೆಗೆ ತಾನೇ ಯಾರಾದ್ರೂ ನೀರು ಬಿಟ್ಕೊಳ್ತಾರಾ?"

"ಅವನ ಕಡೆ ಗ್ರಾನೈಟು ಹಾಕ್ಸಿದಾನೆ, ಒರೆಸಿದ್ರೆ ಆಯ್ತು. ಮಣ್ಣು ಸುಣ್ಣ ಇರೋದು ನಮ್ಮ ಕಡೆ. ಅಮ್ಮನ್ನ ಎಳ್ಕೊಳ್ಳೋಕೆ ಇದಕ್ಕಿಂತ ಸುಲಭದ ದಾರಿ ಯಾವುದಿದೆ, ನೀನೇ ಹೇಳು."

ಮುನಿರತ್ನಮ್ಮ ಅನ್ನಕ್ಕಿಡಲು ಎದ್ದಳು. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಯಾವಾಗ ಎದ್ದು ಹೋಗಬೇಕೆಂಬುದು ಗೊತ್ತಿತ್ತು.

ಸುಬ್ಬಮ್ಮನೇ ತೀರ್ಮಾನ ಕೊಟ್ಟಳು. "ಬರೋ ಭಾನುವಾರದ ಒತ್ಗೆ ನೀರು ನಿಂತ್ರೆ ಇಲ್ಲೇ ಇರ್ತೀನಿ ಕಣಪ್ಪ. ನಿಲ್ದಿದ್ರೆ ಬಾಲನ ಮನೆಗೆ ಓಗ್ತೀನಿ. ಉಸ್ರು ನಂದಲ್ವಾ? ಊರಿಗೆಲ್ಲ ಪೈಪು ಮಾರ್ತೀಯ, ನೀನೇ ಓಗಿ ಅದೇನು ಅಂತ ಒಂದ್ಸಲ ಯಾಕ್ ನೋಡ್ಬಾರ್ದು?" ಅನಂತರಾಜು ಗೊಣಗುತ್ತಿದ್ದಂತೆ ಆಕೆ ಅವನ ತೋಳು ಹಿಡಿದು ಎಬ್ಬಿಸಿದಳು. ಅವನು ಅಂಗಡಿಯಿಂದ ಸಾಮಾನಿನ ಚೀಲ ತಂದು, ಅಮ್ಮನ ಹಿಂದೆ, ವರ್ಷಗಳ ಮೇಲೆ ತಮ್ಮನ ಹೊಸ್ತಿಲು ದಾಟಿದ.

ಎಮ್ಮೆ ಕಟ್ಟುತ್ತಿದ್ದ ಜಾಗ ಅದು ಎಂದು ಈಗ ದೇವರಾಣೆ ಹಾಕಿದರೂ ಯಾರೂ ನಂಬುವಂತಿರಲಿಲ್ಲ. ತಿಳಿಬಣ್ಣದ ಸೋಫಾ, ಫಾಲ್ಸ್ ಸೀಲಿಂಗು, ಅದರ ಸಂದಿನಲ್ಲಿ ಅಡಗಿದ ದೀಪಗಳು. ಬಾಲರಾಜು ಎದ್ದು ನಿಂತ, ಆದರೆ ಬಾ ಎನ್ನಲಿಲ್ಲ. ಸುಬ್ಬಮ್ಮ ಇಬ್ಬರ ನಡುವೆ ಒಂದು ಕುರ್ಚಿ ಎಳೆಸಿಕೊಂಡು ಕೂತಳು.

"ಅಮ್ಮಾ, ಕಪಾಟಿನ ಬಾಗಿಲು ತೆಗಿಯೋಕೆ ಹೇಳು" ಎಂದ ಅನಂತರಾಜು.

"ತೆಗೆದೇ ಇದೆ ಅಂತ ಹೇಳಮ್ಮ" ಎಂದ ಬಾಲರಾಜು.

"ಟಾರ್ಚ್ ಹಿಡಿಯೋಕೆ ಯಾರನ್ನಾದ್ರೂ ಕರಿ ಅನ್ನು."

"ನಾನೇ ಹಿಡೀತೀನಿ ಅನ್ನು."

"ಇಬ್ಬರಿಗೂ ಕಿವಿ ಚೆನ್ನಾಗವೆ" ಎಂದಳು ಸುಬ್ಬಮ್ಮ. "ನನ್ ಗಂಟ್ಲು ಯಾಕ್ ಒಣಗ್ಸ್ತೀರ?"

ಅನಂತರಾಜು ಹೊಟ್ಟೆಯ ಮೇಲೆ ಮಲಗಿ ಕಪಾಟಿನೊಳಗೆ ತಲೆ ತೂರಿಸಿದ. ಒಂದೊಂದೇ ತಪ್ಪು ಕಣ್ಣಿಗೆ ಬಿದ್ದಂತೆ ಅವನ ಮನಸ್ಸು ಹಗುರಾಗುತ್ತ ಹೋಯಿತು. ಗಾಜಿಗೆ ತೂತು ಹೊಡೆದು ಪೈಪು ಸಿಕ್ಕಿಸುವ ಟ್ಯಾಂಕ್ ನಿಪ್ಪಲ್ಲಿಗೆ ರಬ್ಬರ್ ವಾಷರನ್ನು ನೀರಿನ ಕಡೆ ಹಾಕುವ ಬದಲು ನಟ್ಟಿನ ಕಡೆ ಹಾಕಿದ್ದರು. ಪೈಪನ್ನು ಕತ್ತರಿಸದೆ ಬಿಚ್ಚಲೆಂದು ಇರುವ ಯೂನಿಯನ್ನಿನ ಒಳಗೆ ರಬ್ಬರ್ ಉಂಗುರ ಮಡಚಿಕೊಂಡು ಕೂತಿತ್ತು. ಎರಡು ಕಡೆ ತಿರುಪಿನ ಮರೆಯ ತುಂಬ ಟೇಪು ತುರುಕಿ ಎಲ್ಬೋ ಬಾಯಿ ಬಿರಿಯುವ ಹಾಗೆ ಮಾಡಿದ್ದರು. ಬೇರೆ ಅಂಗಡಿಯ ಮಾಲು ಬೇರೆ. ಅನಂತರಾಜು ಒಳಗಿನಿಂದಲೇ, "ಅಮ್ಮಾ, ಇದನ್ನ ಕೂರಿಸ್ದೋನು ಪ್ಲಂಬರ್ರೋ ಹೂ ಕಟ್ಟೋನೋ ಕೇಳು" ಎಂದು ಕೂಗಿದ. ಬಾಲರಾಜು ಹಿಡಿದಿದ್ದ ಟಾರ್ಚಿನ ಬೆಳಕು ಸ್ವಲ್ಪ ಅಲುಗಿತು. ನಗುತ್ತಿದ್ದಾನೋ ಏನೋ ಎಂದು ಅನಂತರಾಜುವಿಗೆ ಅನಿಸಿತು.

ಪಂಪು ನಿಲ್ಲಿಸಿ, ಮೇಲಿನ ನೀರನ್ನು ಬಕೆಟ್ಟುಗಳಿಗೆ ಇಳಿಸಿ, ಎಲ್ಲ ಫಿಟಿಂಗನ್ನೂ ಬಿಚ್ಚಿ ಒರೆಸಿ ಹೊಸದು ಹಾಕಿದ. ವಾಷರು ಸರಿಯಾದ ಕಡೆ ಕೂತಿತು. ಟೇಪನ್ನು ಅಳತೆಯಾಗಿ ಸುತ್ತಿದ. ಪ್ಲಾಸ್ಟಿಕ್ ನಟ್ಟನ್ನು ಸ್ಪ್ಯಾನರಿನಿಂದ ಬಿಗಿಯದೆ ಬರಿಗೈಯಿಂದಲೇ ಬಿಗಿದ. ಪೈಪು ಸೇರುವಲ್ಲಿ ಹಚ್ಚಿದ ಗಮ್ ಒಣಗಿದ ಮೇಲೆ ಇಳಿಸಿದ ನೀರನ್ನು ಮತ್ತೆ ಸುರಿದು ಪಂಪು ಹಾಕಿದರು. ಬಾಲರಾಜು ಸಂಪಿನಲ್ಲಿ ನೀರು ಸ್ವಲ್ಪ ಕಡಿಮೆಯಾದಂತಿದೆ ಎಂದು ಎರಡು ಬಕೆಟ್ಟು ಹೆಚ್ಚಿಗೇ ಸುರಿದ. ಅನಂತರಾಜು ಪೈಪುಗಳ ಕೆಳಗೆ ಹಳೇ ಪೇಪರು ಹಾಸಿದ. ಒಂದು ಹನಿ ಬಿದ್ದರೂ ಪೇಪರು ಹೇಳಿಬಿಡುತ್ತದೆ. ಮೋನಿಕಾ ಕಾಫಿ ಕೊಟ್ಟಳು, ಎರಡನೇ ಲೋಟವೂ ಆಯಿತು, ಪೇಪರು ಒಣಗೇ ಇತ್ತು.

ಹೊರಡುವ ಮುಂಚೆ ಅವನು ಇನ್ನೊಂದು ಕೆಲಸ ಮಾಡಿದ. ಅಂಗಡಿಯ ಹಳೇ ಅಭ್ಯಾಸ ಅದು. ತಾನು ಬಿಗಿದ ನಟ್ಟಿಗೂ ಪೈಪಿಗೂ ಸೇರಿಸಿ ಮಾರ್ಕರಿನಿಂದ ಒಂದೊಂದು ಗೆರೆ ಎಳೆಯುವುದು. ಆಮೇಲೆ ಯಾರಾದರೂ ಕೈಯಾಡಿಸಿ ನಟ್ಟು ತಿರುಗಿಸಿದರೆ ಗೆರೆ ಮುರಿದು ಕಾಣುತ್ತದೆ. ತಮ್ಮ ಬಕೆಟ್ಟು ಇಡಲು ಹೋದಾಗ ಎಲ್ಲ ಫಿಟಿಂಗಿಗೂ ಗೆರೆ ಬಿತ್ತು.

ಮಾರನೇ ಬೆಳಿಗ್ಗೆ ಗೋಡೆಯಲ್ಲಿ ಹೊಸ ಜಿನುಗಿರಲಿಲ್ಲ. ಅನಂತರಾಜು ಅಂಗಡಿಯಲ್ಲಿ ಕೂತು ಆ ವಾಷರಿನ ಕಥೆಯನ್ನು ಸಿಕ್ಕಸಿಕ್ಕವರಿಗೆ ಹೇಳಿದ. ಅದರ ಮಾರನೇ ಬೆಳಿಗ್ಗೆ ಮಂಚದ ಬಳಿ ಕೂತು ಗೋಡೆಗೆ ಕೈಯಿಟ್ಟರೆ ಅಂಗೈ ಒದ್ದೆಯಾಯಿತು. ಮುಂಚಿಗಿಂತಲೂ ಜಾಸ್ತಿ.

"ಸುಬ್ಬಮ್ಮಂಗೆ ಇನ್ನೊಂದು ಮನೆ ಋಣ ಬರ್ದಿದ್ರೆ ಯಾರೇನ್ ಮಾಡಕ್ಕಾಯ್ತದೆ" ಎಂದು ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತ ಸುಬ್ಬಮ್ಮ ಕೆಮ್ಮಿದಳು. ಅನಂತರಾಜುವಿಗೆ ಆ ಕೆಮ್ಮು ಕೇಳಲಾಗಲಿಲ್ಲ. ಎದ್ದವನೇ ಅಮ್ಮನನ್ನೂ ಕರೆದುಕೊಂಡು ಆ ಕಡೆಗೆ ನಡೆದ.

ಕಪಾಟು ತೆಗೆದು ನೋಡುತ್ತಾನೆ, ಗೆರೆಗಳು ಒಂದೂ ಮುರಿದಿಲ್ಲ. ಪೈಪುಗಳ ಕೆಳಗಿನ ಪೇಪರು ಒಣಗಿದೆ. ಆದರೆ ಸಂಪಿನ ಹಿಂಬದಿ, ಗೋಡೆಗೆ ಸೇರಿದ ಕಡೆ, ಕೈ ತೂರಿಸಿದರೆ ನೀರು ನಿಂತಿದೆ. ಪೇಪರು ಬದಲಾಯಿಸಿರಬೇಕು ಎಂದು ಮೊದಲು ಅನಿಸಿತು. ಎಳೆದು ನೋಡಿದ, ಅದೇ ಪೇಪರು, ಮೂಲೆಯಲ್ಲಿ ಅವನೇ ಮಾರ್ಕರು ಬರೆಯುತ್ತದೋ ಇಲ್ಲವೋ ಎಂದು ಗೀಚಿದ್ದು ಹಾಗೇ ಇತ್ತು. ಹಾಗಾದರೆ ಫಿಟಿಂಗಿನಿಂದ ಬಂದ ನೀರಲ್ಲ ಇದು. ಯಾರೋ ಹಿಂದಿನಿಂದ ಸುರಿದ ನೀರು. ಬೇರೆ ದಾರಿಯೇ ಅವನಿಗೆ ತೋಚಲಿಲ್ಲ.

"ಅಮ್ಮಾ, ಅವನಿಗೆ ಹೇಳು" ಎಂದ. "ಚೊಂಬಲ್ಲಿ ನೀರು ಹೊಯ್ದು ಹೆತ್ತೋಳ ಎದೆ ಕೆಡ್ಸೋ ಕೆಲ್ಸ ಬೇಡ ಅಂತ ಹೇಳು. ಅಮ್ಮ ಬೇಕಾದ್ರೆ ನೆಟ್ಟಗೆ ಕೇಳ್ಲಿ."

ಬಾಲರಾಜುವಿನ ಮುಖ ಕೆಂಪಾಯಿತು. "ಅಮ್ಮಾ, ಅವನಿಗೂ ಹೇಳು. ಭಾನುವಾರ ಬೆಳಿಗ್ಗೆ ಬಂದು ಇದರ ಮುಂದೇನೇ ಕೂತ್ಕೊಳ್ಳಕ್ಕೆ ಹೇಳು. ನಾನೂ ಎದುರಿಗೆ ಕೂರ್ತೀನಿ. ನನ್ನ ಕೈ ಎಲ್ಲಿರುತ್ತೆ ಅಂತ ನೋಡ್ಕೊಳ್ಲಿ. ನೀರು ಬರ್ಲಿಲ್ವೋ, ನಾನೇ ಕಳ್ಳ. ಬಂತೋ, ನೀನು ಅವತ್ತೇ ಇಲ್ಲಿಗೆ ಬಂದ್ಬಿಡ್ಬೇಕು. ಸರದಿ ಗಿರದಿ ಇನ್ಮೇಲೆ ಇಲ್ಲ."

ಸುಬ್ಬಮ್ಮ ಇಬ್ಬರ ಮುಖವನ್ನೂ ನೋಡಿದಳು. "ಆಗ್ಲಿ" ಎಂದಳು.

ಭಾನುವಾರ ಬೆಳಿಗ್ಗೆ ಅನಂತರಾಜು ಬಂದಾಗ ಅಮ್ಮನ ಬಟ್ಟೆಯ ಗಂಟು ಆಗಲೇ ತಮ್ಮನ ಬಾಗಿಲ ಒಳಗೆ ಬಂದು ಕೂತಿತ್ತು. ಅದನ್ನು ಕಾಲಿಗೆ ತಾಗದಂತೆ ಬಳಸಿ ಒಳಗೆ ಬಂದ. ಅವನು ಕಪಾಟಿನ ಮುಂದೆ ಮಣೆ ಹಾಕಿಕೊಂಡು ಕೂತ. ಬಾಲರಾಜು ಎದುರಿನ ಸೋಫಾದಲ್ಲಿ ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು, ಬೇಕೆಂದೇ ಎತ್ತಿ ತೋರಿಸುತ್ತ ಕೂತ. ಸುಬ್ಬಮ್ಮ ನಡುವೆ. ಅಡುಗೆಮನೆಯಲ್ಲಿ ಮೋನಿಕಾ ಚಟ್ನಿಗೆ ಮಿಕ್ಸಿ ಹಾಕಿದ್ದಳು. ಫ್ಯಾನು ತಿರುಗುತ್ತಿತ್ತು, ಪಂಪು ಸಣ್ಣಗೆ ಗುಂಯ್‌ಗುಡುತ್ತಿತ್ತು, ಮೀನು ಮೂತಿ ಬಿಗಿದುಕೊಂಡು ಅತ್ತಿಂದಿತ್ತ ಹೋಗಿ ಬರುತ್ತಿತ್ತು.

ಅನಂತರಾಜು ಒಂದು ಕಣ್ಣು ಸಂಪಿನ ಮೇಲೆ, ಇನ್ನೊಂದು ತಮ್ಮನ ಕೈ ಮೇಲೆ ಇಟ್ಟಿದ್ದ. ನಡುನಡುವೆ ಅಡುಗೆಮನೆಯ ಬಾಗಿಲನ್ನೂ ನೋಡುತ್ತಿದ್ದ, ಮೋನಿಕಾ ಚೊಂಬು ಹಿಡಿದು ಬಂದರೆ? ನೀರು ಬರಲಿ ಎಂದು ಬೇಡಿಕೊಳ್ಳಬೇಕೋ ಬಾರದಿರಲಿ ಎಂದೋ ಅವನಿಗೇ ತಿಳಿಯಲಿಲ್ಲ. ಬಂದರೆ ಅಮ್ಮ ಹೋಗುತ್ತಾಳೆ. ಬಾರದಿದ್ದರೆ ತಮ್ಮ ಕಳ್ಳನಾಗುತ್ತಾನೆ. ಇಷ್ಟು ವರ್ಷ ತಮ್ಮ ಕಳ್ಳನಾಗಲಿ ಎಂದೇ ಬಯಸಿದ್ದವನಿಗೆ ಈಗ ಎದುರಿಗೆ ಕೂತು ನೋಡುವಾಗ ಅದು ಅಷ್ಟು ರುಚಿಸಲಿಲ್ಲ. ತಮ್ಮನ ಕಿವಿಯ ಮೇಲೆ ಕೂದಲು ಬೆಳ್ಳಗಾಗಿದ್ದನ್ನು ಅವನು ಈಗಷ್ಟೇ ಕಂಡ.

ಒಮ್ಮೆಲೇ ಅವನ ಕಿವಿಯ ಪಕ್ಕದ ಪಂಪಿನ ಗುಂಯ್ ಎನ್ನುವ ಸದ್ದು ನಿಂತಿತು.

ಪೈಪಿನಲ್ಲಿ ಗುಳುಗುಳು ಎಂದಿತು. ಅನಂತರಾಜು ಟಾರ್ಚಿನ ಬೆಳಕು ಬಿಟ್ಟ. ನೀರನ್ನು ಮೇಲಕ್ಕೆ ತಳ್ಳಬೇಕಾದ ಪೈಪಿನಲ್ಲಿ ನೀರು ಉಲ್ಟಾ ಇಳಿದು ಬರುತ್ತಿತ್ತು. ಮೇಲಿನ ತೊಟ್ಟಿಯ ನೀರೊಳಗೆ ಆಳವಾಗಿ ಮುಳುಗಿದ್ದ ಅದರ ಬಾಯಿ ಈಗ ನೀರನ್ನು ಎಳೆದು ಸಂಪಿಗೆ ಸುರಿಯುತ್ತಿತ್ತು. ಸಂಪಿನ ನೀರು ನೋಡುನೋಡುತ್ತಲೇ ಏರಿ, ಅಂಚು ಮುಟ್ಟಿ, ಸ್ವಲ್ಪ ತಗ್ಗಾಗಿದ್ದ ಹಿಂಬದಿಯಿಂದ ಸದ್ದಿಲ್ಲದೆ ಗೋಡೆಯ ಬುಡಕ್ಕೆ ಇಳಿಯತೊಡಗಿತು. ಒಂದು ಫಿಟಿಂಗಿನಿಂದಲೂ ಹನಿ ಬಿದ್ದಿರಲಿಲ್ಲ.

"ಸ್ವಿಚ್ ಆರಿಸಿದ್ದು ಯಾರೋ?" ಎಂದು ಅನಂತರಾಜು ಕಿರುಚಿದ.

"ನಾನೆಲ್ಲಿ ಆರಿಸ್ದೆ? ಇಲ್ಲೇ ನಿನ್ನ ಮುಂದೆ ಸತ್ತಂಗೆ ಕೂತಿದೀನಲ್ಲ!" ಎಂದು ಬಾಲರಾಜುವೂ ಕಿರುಚಿದ.

ಮಾತು ಅಮ್ಮನನ್ನು ದಾಟಿ ನೇರ ಹೋದದ್ದು ಇಬ್ಬರಿಗೂ ಆ ಗಡಿಬಿಡಿಯಲ್ಲಿ ಗೊತ್ತಾಗಲಿಲ್ಲ. ಬಾಲರಾಜು ಎದ್ದು ಗೋಡೆಯ ಸ್ವಿಚ್ ನೋಡಿದ. ಅದು ಹಾಕಿಯೇ ಇತ್ತು. ಕರೆಂಟು ಹೋಗಿದೆಯೇ ಎಂದರೆ ಫ್ಯಾನು ತಿರುಗುತ್ತಿದೆ, ಮಿಕ್ಸಿ ಅರಚುತ್ತಿದೆ. ಮಿಕ್ಸಿ ನಿಂತಾಗ, ಗೋಡೆಯಾಚೆಯಿಂದ, ಅನಂತರಾಜುವಿನ ಮನೆಯ ಕಡೆಯಿಂದ, ಒಂದು ನರಳುವ ಸದ್ದು ಕೇಳಿತು.

ಬೋರ್‌ವೆಲ್ ಮೋಟಾರು. ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ, ಇವತ್ತು ಬಾರದ ದಿನ. ಗಂಡ ಇಲ್ಲಿ ಕಾವಲು ಕೂತಿದ್ದರಿಂದ ಮುನಿರತ್ನಮ್ಮನೇ ಮೋಟಾರು ಹಾಕಿದ್ದಳು.

ಅನಂತರಾಜು ಕೈಯಲ್ಲಿ ಟಾರ್ಚು ಹಿಡಿದು ಹಾಗೇ ಕೂತುಬಿಟ್ಟ. ಹಳೇ ಮನೆಯ ಕಂಬದ ಮೇಲಿನ ಕಬ್ಬಿಣದ ಡಬ್ಬಿ ಅವನ ಕಣ್ಣ ಮುಂದೆ ಬಂತು, ಅದರ ಪಕ್ಕದ ಹ್ಯಾಂಡಲು ಸಮೇತ. ಮೇಲಕ್ಕೆ ತಳ್ಳಿದರೆ ಮೋಟಾರು. ಕೆಳಕ್ಕೆ ಎಳೆದರೆ ಕೊಟ್ಟಿಗೆಯ ಲೈನು. ಎರಡೂ ಒಟ್ಟಿಗೆ ಹಾಕಿದರೆ ಫ್ಯೂಸು ಸುಡುತ್ತಿತ್ತೆಂದು ಅಪ್ಪ ಆ ಕಾಲದಲ್ಲಿ ಹಾಗೆ ಮಾಡಿಸಿದ್ದ. ಮೋಟಾರು ಹಾಕಿದೊಡನೆ ಕೊಟ್ಟಿಗೆಯಲ್ಲಿ ಕತ್ತಲೆ. ಒಳಗೆ ಎಮ್ಮೆ ಕೆಚ್ಚಲಿಗೆ ಕೈ ಹಾಕಿ ಕೂತಿದ್ದವನ ಗತಿ ಏನು? ಒಮ್ಮೆ ಹಾಗಾಗಿ ಎಮ್ಮೆ ಬೆದರಿ ಬಾಲರಾಜುವಿನ ಮೊಣಕಾಲಿಗೆ ಒದ್ದಿತ್ತು. ಅವತ್ತಿನಿಂದ ಅಪ್ಪನ ಕಟ್ಟಪ್ಪಣೆ: ಹ್ಯಾಂಡಲು ಮುಟ್ಟುವವನು ಮೊದಲು ಕೂಗಬೇಕು, ಕೊಟ್ಟಿಗೆಯಿಂದ ಉತ್ತರ ಬರುವವರೆಗೆ ತಳ್ಳಕೂಡದು. ಅಣ್ಣತಮ್ಮಂದಿರು ಎಷ್ಟೋ ವರ್ಷ ಹಾಗೆ ಕೂಗಿದ್ದರು. ಮನೆ ಪಾಲಾಯಿತು, ಎಮ್ಮೆ ಹೋಯಿತು, ಕೊಟ್ಟಿಗೆ ಹೋಯಿತು, ಕೂಗುವುದೂ ನಿಂತಿತು. ಅಕ್ವೇರಿಯಂ ಹಿಂದಿನ ಆ ಗೋಡೆ ಮಾತ್ರ ಹಳೇದು. ಅದರಲ್ಲಿದ್ದ ಹಳೇ ಪ್ಲಗ್ ಪಾಯಿಂಟು 'ಕೆಲಸ ಮಾಡುತ್ತದಲ್ಲ' ಎಂದು ಎಲೆಕ್ಟ್ರಿಶಿಯನ್ ಹೊಸ ಪ್ಲೇಟು ಹಾಕಿ ಹಾಗೇ ಬಿಟ್ಟಿದ್ದ. ಮೀನಿನ ಪಂಪು ಓಡುತ್ತಿದ್ದದ್ದು ಅದರಿಂದಲೇ.

ಯುಗಾದಿಯಿಂದ ಈಚೆಗೆ ಈ ಪಂಪನ್ನು ದಿನ ಬಿಟ್ಟು ದಿನ ಆರಿಸುತ್ತಿದ್ದ ಕೈ ಅವನದೇ. ಅಮ್ಮನ ಮಂಚದ ಪಕ್ಕಕ್ಕೆ ನೀರು ಬಿಟ್ಟು, ಮುಖ ತೊಳೆದು, ಅದೇ ಮಂಚದ ತುದಿಯಲ್ಲಿ ಕೂತು ತಮ್ಮನನ್ನು ಅನುಮಾನಿಸಿದ್ದ. ಟ್ಯಾಂಕು ತುಂಬಿ ಹ್ಯಾಂಡಲು ಕೆಳಗೆಳೆದ ಕೂಡಲೇ ಪಂಪು ಮತ್ತೆ ಓಡಿ ಸಂಪಿನ ನೀರು ತಗ್ಗುತ್ತಿದ್ದರಿಂದ, ಆಮೇಲೆ ನೋಡಿದವರಿಗೆ ಒದ್ದೆ ನೆಲ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅನಂತರಾಜುವಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಲೆಯೆತ್ತಿ ತಮ್ಮನನ್ನು ನೋಡುವ ಧೈರ್ಯವಾಗಲಿಲ್ಲ.

ಬಾಲರಾಜುವೂ ಮೋಟಾರಿನ ಸದ್ದು ಕೇಳುತ್ತ ನಿಂತಿದ್ದ. ಅವನ ಕೈ ತನಗೆ ತಿಳಿಯದಂತೆ ಮೊಣಕಾಲಿಗೆ ಹೋಗಿತ್ತು. "ಕೊಟ್ಟಿಗೆ ಲೈನು" ಎಂದ ಮೆಲ್ಲಗೆ.

"ಊಂ" ಎಂದ ಅನಂತರಾಜು. "ಹಾಕ್ತಾ ಇದ್ದಿದ್ದು ನಾನೇ. ಚೊಂಬಲ್ಲಿ ಹೊಯ್ದೆ ಅಂತ ನಿನ್ನ ಅಂದ್ನಲ್ಲ... ತಪ್ಪಾಯ್ತು ಕಣೋ."

ಸುಬ್ಬಮ್ಮನಿಗೆ ತಡವಾಗಿ ಅರ್ಥವಾಯಿತು. ಅರ್ಥವಾದ ಮೇಲೆ ಆಕೆ ನಕ್ಕು ನಕ್ಕು, ಕೆಮ್ಮಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವತ್ತು ಎಮ್ಮೆ ಒದೀತು, ಇವತ್ತು ಮೀನು ಒದೀತು" ಎಂದಳು. "ನಿಮ್ಮಪ್ಪ ಏಳಿದ್ದೇನು? ಕೂಗಿ ಆಕ್ರಲಾ ಅಂದಿದ್ನೋ ಇಲ್ವೋ?"

ಆಮೇಲಿನ ಕೆಲಸ ಅರ್ಧ ಗಂಟೆಯದು. ಅನಂತರಾಜು ಮೇಲಕ್ಕೆ ಹೋಗುವ ಪೈಪಿಗೆ, ನೀರಿನ ಮಟ್ಟದ ಸ್ವಲ್ಪವೇ ಕೆಳಗೆ, ಒಂದು ಸಣ್ಣ ತೂತು ಕೊರೆದ. ಪಂಪು ನಿಂತರೆ ಅಲ್ಲಿಂದ ಗಾಳಿ ಒಳಹೊಕ್ಕು ನೀರು ಉಲ್ಟಾ ಬರುವುದು ನಿಲ್ಲುತ್ತದೆ. ತಮ್ಮ ಹೆಚ್ಚಿಗೆ ಸುರಿದಿದ್ದ ಬಕೆಟ್ಟುಗಳನ್ನೂ ಸಂಪಿನಿಂದ ಹೊರಗೆ ತೆಗೆಸಿದ. ಪಂಪು ಆರಿಸಿ ನೋಡಿದರು. ನೀರು ಏರಿತು, ಅಂಚಿಗೆ ನಾಲ್ಕು ಬೆರಳು ಇರುವಾಗ ನಿಂತಿತು.

"ಎಲೆಕ್ಟ್ರಿಶಿಯನ್ ಕರ್ಸಿ ಆ ಲೈನ್ ಬೇರೆ ಮಾಡ್ಸ್ಬಿಡ್ತೀನಿ ಅಣ್ಣ" ಎಂದ ಬಾಲರಾಜು. "ನಿನ್ನ ಮೀಟರಲ್ಲಿ ನನ್ನ ಮೀನು ಈಜ್ತಾ ಇದೆ."

ಅದನ್ನೇ ಹೇಳಬೇಕೆಂದು ಅನಂತರಾಜುವಿನ ನಾಲಿಗೆ ತುದಿಗೆ ಬಂದಿತ್ತು. "ಇರ್ಲಿ ಬಿಡು, ಅರ್ಜೆಂಟೇನಿಲ್ಲ" ಎಂದುಬಿಟ್ಟ. ಹಾಗೆ ಅಂದವನು ತಾನೇನಾ ಎಂದು ಅವನಿಗೇ ಅನುಮಾನವಾಯಿತು.

"ಏನ್ಲಾ ಅನಂತ, ನೋಡ್ತಾ ನಿಂತ್ಕೊಂಡೆ? ನನ್ ಗಂಟು ಎತ್ಕೋ" ಎಂದಳು ಸುಬ್ಬಮ್ಮ. "ಅಮಾಸೆ ಇನ್ನೂ ಬಂದಿಲ್ಲ."

ಅದರ ಮುಂದಿನ ಬಾರಿ ಕಾವೇರಿ ನೀರು ಬಾರದ ಬೆಳಿಗ್ಗೆ ಅನಂತರಾಜು ಎಂದಿನಂತೆ ಎದ್ದು ಹ್ಯಾಂಡಲಿಗೆ ಕೈ ಹಾಕಿದ. ಇನ್ನು ತಳ್ಳಿದರೂ ಪರವಾಗಿಲ್ಲ, ಪೈಪಿನ ತೂತು ತನ್ನ ಕೆಲಸ ತಾನು ಮಾಡುತ್ತದೆ, ಯಾರಿಗೂ ಹೇಳಬೇಕಾದದ್ದಿಲ್ಲ. ಆದರೂ ಅವನು ಗೋಡೆಯ ಕಡೆ ತಿರುಗಿದ. ಗಂಟಲು ಸರಿಮಾಡಿಕೊಂಡ.

"ಬಾಲಾ! ಮೋಟ್ರು ಆಕ್ತೀನೋ!"

ಆ ಕಡೆಯಿಂದ ಉತ್ತರವಿಲ್ಲ. ಎದ್ದಿಲ್ಲವೇನೋ. ಇಲ್ಲ, ಚಪ್ಪಲಿಯ ಸದ್ದು ಕೇಳಿತಲ್ಲ, ಎದ್ದಿದ್ದಾನೆ. ಕೇಳಿಸಿಯೂ ಕೇಳಿಸದವನಂತೆ ಇದ್ದಾನೆಯೇ? ಮೋನಿಕಾ ಏನಾದರೂ ಬೇಡ ಅಂದಳೇ? ಅವತ್ತು ನಕ್ಕದ್ದೆಲ್ಲ ಅಮ್ಮನ ಮುಂದೆ ಆಡಿದ ನಾಟಕವೇ?

"ಹಾಕ್ರೀ, ಅಡುಗೆಮನೇಲಿ ಒಂದು ಹನಿ ನೀರಿಲ್ಲ" ಎಂದು ಮುನಿರತ್ನಮ್ಮ ಕೂಗಿದಳು.

ಅನಂತರಾಜು ಹ್ಯಾಂಡಲು ಬಿಡಲೂ ಇಲ್ಲ, ತಳ್ಳಲೂ ಇಲ್ಲ. ಕೋಣೆಯಲ್ಲಿ ಸುಬ್ಬಮ್ಮ ಕಾಫಿ ಲೋಟ ಕೆಳಗಿಟ್ಟು ಗೋಡೆಗೆ ಕಿವಿ ಕೊಟ್ಟು ಕೂತಿದ್ದಳು.

ಗೋಡೆಯಾಚೆ ಯಾರೋ ಬಾಯಿ ಮುಕ್ಕಳಿಸಿ ಉಗುಳಿದ ಸದ್ದಾಯಿತು.

"ಆಕಣ್ಣೋ!"

ಅನಂತರಾಜು ಹ್ಯಾಂಡಲನ್ನು ಮೇಲಕ್ಕೆ ತಳ್ಳಿ, ಮುಖ ತೊಳೆಯಲು ಹೋದ.